ಮೊಳಕೆ ಹಿಟ್ಟು: ಮಾಡುವ ಕ್ರಮ, ಬಳಸುವ ಕ್ರಮ

ಹೊಸೂರು, ದೆಂಕಣಿಕೋಟೆ, ತಾಳವಾಡಿ, ಮಡಕಶಿರಾಗಳ ಕಡೆ ನಮ್ಮವರ ಊಟ ರಾಗಿಯದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿಗಳ ಕಡೆ ಜೋಳದ್ದು. ಧಾನ್ಯ ಬೇರೆಯಾದರೂ ಎರಡಕ್ಕೂ ಒಂದು ಗುಣ ಸಮಾನವಾಗಿದೆ. ಹಿಟ್ಟನ್ನು ನೀರಿಗೆ ಹಾಕಿ ಕಾಯಿಸಿದರೆ ಸ್ವಲ್ಪ ಹಿಟ್ಟೇ ಬಹಳ ನೀರನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಹೊಲದಲ್ಲಿ ದುಡಿಯುವವನಿಗೆ ಈ ಗುಣ ಒಳ್ಳೆಯದೇ. ಆದರೆ ಏಳೆಂಟು ತಿಂಗಳ ಕೂಸಿಗೆ ಗಟ್ಟಿ ಅಂಬಲಿಯನ್ನು ನುಂಗಲು ಬಾರದು. ಆಗ ತಾಯಿ ಏನು ಮಾಡುತ್ತಾಳೆ? ನೀರು ಸೇರಿಸುತ್ತಾಳೆ. ಅಂಬಲಿ ತೆಳುವಾಗುತ್ತದೆ, ಕೂಸು ಕುಡಿಯುತ್ತದೆ, ಹೊಟ್ಟೆ ತುಂಬುತ್ತದೆ. ಆದರೆ ತುಂಬಿದ್ದು ನೀರು. ದಿನಕ್ಕೆ ಮೂರು ಹೊತ್ತು ಉಣಿಸಿದರೂ ಕೂಸು ತೂಕದಲ್ಲಿ ಏರುವುದಿಲ್ಲವೆಂದು ತಾಯಂದಿರು ಕೊರಗುವುದಕ್ಕೆ ಇದೂ ಒಂದು ಕಾರಣ.

ಹಿಟ್ಟು ಕಡಿಮೆ ಮಾಡದೆ ಅಂಬಲಿಯನ್ನು ತೆಳುಮಾಡುವ ಉಪಾಯವೊಂದಿದೆ. ಅದು ಧಾನ್ಯದೊಳಗೇ ಅಡಗಿದೆ. ಅದನ್ನು ಹೊರಗೆ ತರಲು ಯಂತ್ರ ಬೇಡ, ಹಣ ಬೇಡ. ಒಂದು ಒದ್ದೆ ಬಟ್ಟೆ, ಮೂರು ನಾಲ್ಕು ದಿನಗಳ ತಾಳ್ಮೆ ಸಾಕು. ಈ ವಾರದ ಪಾಠ ಅದನ್ನು ಕುರಿತದ್ದು.

ಕಾಳಿನೊಳಗೆ ನಡೆಯುವ ಕೆಲಸ

ರಾಗಿ, ಜೋಳ, ಗೋಧಿ, ಬಾರ್ಲಿ ಯಾವುದೇ ಇರಲಿ, ಕಾಳಿನ ಬಹುಪಾಲು ಪಿಷ್ಟ. ಇದು ಗಿಡವು ತನ್ನ ಮರಿಗೆಂದು ಕಟ್ಟಿಟ್ಟ ಬುತ್ತಿ. ಆದರೆ ಪಿಷ್ಟವು ನೀರಿನಲ್ಲಿ ಕರಗದ ವಸ್ತು. ಎಳೆಯ ಮೊಳಕೆಗೆ ಅದನ್ನು ಹಾಗೆಯೇ ಉಣ್ಣಲು ಆಗದು. ಆದುದರಿಂದ ಕಾಳಿಗೆ ನೀರು ತಾಕಿ ಮೊಳಕೆ ಹೊರಟೊಡನೆ ಅದರೊಳಗೆ ಕೆಲವು ಕಿಣ್ವಗಳು ಹುಟ್ಟುತ್ತವೆ. ಈ ಕಿಣ್ವಗಳು ಪಿಷ್ಟದ ಉದ್ದನೆಯ ಸರಪಳಿಗಳನ್ನು ಕತ್ತರಿಸಿ ಸಣ್ಣ ತುಂಡು ಮಾಡುತ್ತವೆ. ಆ ತುಂಡುಗಳನ್ನು ಮತ್ತೆ ಕತ್ತರಿಸಿ ಸಕ್ಕರೆಯಾಗಿ ಮಾಡುತ್ತವೆ. ಮೊಳೆತ ಕಾಳನ್ನು ಬಾಯಿಗೆ ಹಾಕಿಕೊಂಡರೆ ಸಿಹಿಯಾಗಿರುವುದು ಇದರಿಂದಲೇ. 1833ರಲ್ಲಿ ಫ್ರಾನ್ಸಿನ ಪಯೆನ್ ಮತ್ತು ಪೆರ್ಸೋ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಮೊಳೆತ ಬಾರ್ಲಿಯಿಂದ ಇದನ್ನು ಬೇರ್ಪಡಿಸಿ ಡಯಾಸ್ಟೇಸ್ ಎಂದು ಹೆಸರಿಟ್ಟರು. ಈಗ ಇದಕ್ಕೆ ಅಮೈಲೇಸ್ ಎಂಬ ಹೆಸರು ಬಳಕೆಯಲ್ಲಿದೆ.

ಮೊಳಕೆ ಬರಿಸಿ, ತಕ್ಕ ಹೊತ್ತಿಗೆ ಒಣಗಿಸಿ ನಿಲ್ಲಿಸಿದ ಧಾನ್ಯವೇ ಮಾಲ್ಟು. ಒಣಗಿದ ಮಾಲ್ಟಿನಲ್ಲಿ ಕಿಣ್ವಗಳು ಸಾಯುವುದಿಲ್ಲ, ನಿದ್ದೆಮಾಡುತ್ತವೆ. ಬಿಸಿನೀರು ತಾಕಿದರೆ ಮತ್ತೆ ಎದ್ದು ಕೆಲಸಕ್ಕೆ ತೊಡಗುತ್ತವೆ. ನೀರು ಉಗುರುಬೆಚ್ಚಗಿದ್ದರೆ ಕೆಲಸ ನಿಧಾನ. 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬಹಳ ಚುರುಕು. ನೀರು ಕುದಿದರೆ ಕಿಣ್ವ ಸತ್ತುಹೋಗುತ್ತದೆ. ಈ ಮೂರು ಮಾತು ನೆನಪಿದ್ದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಅಮೆರಿಕದ ಒಂದು ಉದಾಹರಣೆ

ಇದನ್ನು ಚೆನ್ನಾಗಿ ತಿಳಿದವರು ಬಿಯರ್ ಮಾಡುವವರು. ಅಮೆರಿಕದಲ್ಲಿ ಕ್ರೀಮ್ ಏಲ್ ಎಂಬ ಒಂದು ಬಗೆಯ ತಿಳಿ ಬಿಯರ್ ಇದೆ. ಹೆಸರಿನಲ್ಲಿ ಕ್ರೀಮ್ ಇದ್ದರೂ ಅದರಲ್ಲಿ ಹಾಲಿನ ಕೆನೆ ಏನೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನರು ತಂದ ಲಾಗರ್ ಎಂಬ ಬಿಯರಿಗೆ ಪೋಟಿಯಾಗಿ ಅಲ್ಲಿನ ಏಲ್ ತಯಾರಕರು ಇದನ್ನು ಹೊರತಂದರು. ಅದರ ಧಾನ್ಯದಲ್ಲಿ ಸುಮಾರು ನಾಲ್ಕು ಪಾಲು ಬಾರ್ಲಿ ಮಾಲ್ಟು, ಒಂದು ಪಾಲು ಮೆಕ್ಕೆಜೋಳ. ನಮ್ಮ ಪಾಠಕ್ಕೆ ಬೇಕಾದ ಸಂಗತಿ ಇಲ್ಲಿದೆ: ಆ ಮೆಕ್ಕೆಜೋಳವನ್ನು ಅವರು ಮೊಳಕೆ ಕಟ್ಟುವುದಿಲ್ಲ. ಅದರ ನುಚ್ಚನ್ನು ಮೊದಲು ಬೇಯಿಸಿ ಮೆತ್ತಗೆ ಮಾಡುತ್ತಾರೆ, ಇಲ್ಲವೆ ಬೇಯಿಸಿ ಅವಲಕ್ಕಿಯಂತೆ ಒತ್ತಿದ್ದನ್ನು ತರುತ್ತಾರೆ. ಅದನ್ನೂ ನುರಿದ ಬಾರ್ಲಿ ಮಾಲ್ಟನ್ನೂ ಬಿಸಿನೀರಿನಲ್ಲಿ ಕಲಸಿ ಸುಮಾರು 65 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇಡುತ್ತಾರೆ. ಬಾರ್ಲಿಯ ಕಿಣ್ವವು ತನ್ನ ಪಿಷ್ಟವನ್ನಷ್ಟೇ ಅಲ್ಲದೆ ಮೆಕ್ಕೆಜೋಳದ ಪಿಷ್ಟವನ್ನೂ ಕತ್ತರಿಸಿ ಸಿಹಿನೀರು ಮಾಡುತ್ತದೆ. ಆಮೇಲೆ ಅದನ್ನು ಸೋಸಿ, ಹಾಪ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಹುದುಗು ಹಾಕುವುದು ಅವರ ಕೆಲಸ. ಆ ದೇಶದಲ್ಲಿ 1978ರ ಕಾಯಿದೆಯೊಂದರ ಮೇಲೆ ಮನೆಯವರು ತಮ್ಮ ಬಳಕೆಗೆ ಮಿತಿಯೊಳಗೆ ಬಿಯರ್ ಮಾಡಿಕೊಳ್ಳಬಹುದಾಗಿದೆ. ನಮ್ಮ ಓದುಗರಿರುವ ರಾಜ್ಯಗಳಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಮಗೆ ಬೇಕಾದದ್ದೂ ಮದ್ಯವಲ್ಲ. ಹುದುಗು ಹಾಕುವುದಕ್ಕೆ ಮುಂಚಿನ ಅರ್ಧ ವಿದ್ಯೆಯೇ ನಮಗೆ ಬೇಕಾದದ್ದು.

ಆ ವಿದ್ಯೆಯನ್ನು ಒಂದೇ ಮಾತಿನಲ್ಲಿ ಹೇಳಬಹುದು. ಹಾಲಿಗೆ ಹೆಪ್ಪು ಇದ್ದಂತೆ ಅಂಬಲಿಗೆ ಮೊಳಕೆ ಹಿಟ್ಟು. ಮನೆಯ ಧಾನ್ಯವೆಲ್ಲವನ್ನೂ ಮೊಳಕೆ ಕಟ್ಟಬೇಕಾಗಿಲ್ಲ. ಸ್ವಲ್ಪ ಮೊಳಕೆ ಹಿಟ್ಟು ಬಹಳ ಸಾದಾ ಹಿಟ್ಟಿನ ಕೆಲಸ ಮಾಡಿಕೊಡುತ್ತದೆ.

ಮೊಳಕೆ ಹಿಟ್ಟು ಮಾಡುವ ಕ್ರಮ

ಬಾರ್ಲಿ ನಮ್ಮಲ್ಲಿ ಎಲ್ಲ ಕಡೆ ಸಿಕ್ಕುವುದಿಲ್ಲ. ನೀಲಗಿರಿಯ ಬಡಗರು ಹಿಂದೆ ಅದನ್ನು ಬೆಳೆಯುತ್ತಿದ್ದರು. ಆದರೆ ಸಣ್ಣ ಧಾನ್ಯಗಳ ಪೈಕಿ ಮಾಲ್ಟಿಗೆ ಬಹಳ ಯೋಗ್ಯವಾದದ್ದು ನಮ್ಮ ರಾಗಿ. ರಾಗಿ ಸಿಕ್ಕದ ಕಡೆ ಗೋಧಿಯೂ ಆಗುತ್ತದೆ. ಎರಡಕ್ಕೂ ಕ್ರಮ ಒಂದೇ.

1. ಕಾಳಿನ ಆಯ್ಕೆ.— ಅಂಗಡಿಯಿಂದ ತಂದ ಬಿತ್ತನೆ ಬೀಜವನ್ನು ಎಂದಿಗೂ ಉಪಯೋಗಿಸಬಾರದು. ಅದಕ್ಕೆ ರೋಗ, ಹುಳುಗಳ ತಡೆಗೆಂದು ವಿಷದ ಮದ್ದು ಸವರಿರುತ್ತಾರೆ. ಎಷ್ಟು ತೊಳೆದರೂ ಅದು ಊಟಕ್ಕೆ ಬಾರದು. ಮನೆಯಲ್ಲಿ ಊಟಕ್ಕೆಂದು ಇಟ್ಟ ಧಾನ್ಯವನ್ನೇ ತೆಗೆದುಕೊಳ್ಳಬೇಕು. ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೂರು ದಿನದೊಳಗೆ ತೊಂಬತ್ತಾದರೂ ಮೊಳೆತರೆ ಧಾನ್ಯ ಒಳ್ಳೆಯದು. ಬಹಳ ಹಳೆಯದಾದರೆ ಮೊಳೆಯದು. ಮೊಳೆಯದ ಕಾಳು ಒದ್ದೆಯಲ್ಲಿ ಕೊಳೆತು ಪಕ್ಕದ ಕಾಳನ್ನೂ ಕೆಡಿಸುತ್ತದೆ.

2. ನೆನೆಸುವುದು.— ಒಂದು ಕಿಲೋ ರಾಗಿಯನ್ನು ಕೇರಿ, ಕಲ್ಲು ಆರಿಸಿ, ಮೂರು ನೀರಿನಲ್ಲಿ ತೊಳೆಯಬೇಕು. ಮೇಲೆ ತೇಲುವ ಜೊಳ್ಳನ್ನು ಚೆಲ್ಲಬೇಕು. ಕುಡಿಯುವ ನೀರಿನಲ್ಲೇ ಸುಮಾರು 12 ಗಂಟೆ ನೆನೆಸಬೇಕು. ನಡುವೆ ಒಂದೆರಡು ಸಲ ನೀರು ಬದಲಿಸಬೇಕು. ಕಾಳೂ ಉಸಿರಾಡುವ ಜೀವ; ನಿಂತ ನೀರಿನಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ, ನೀರು ಹುಳಿವಾಸನೆ ಹೊಡೆಯುತ್ತದೆ.

3. ಮೊಳಕೆ ಬರಿಸುವುದು.— ನೀರನ್ನು ಪೂರ್ತಿ ಬಸಿದು, ಕುದಿನೀರಿನಲ್ಲಿ ಅದ್ದಿ ಹಿಂಡಿದ ಪಂಚೆಯ ಮೇಲೆ ಬುಟ್ಟಿಯಲ್ಲಿ ಒಂದು ಅಂಗುಲ ದಪ್ಪಕ್ಕೆ ಹರಡಿ, ಮೇಲೆ ಅದೇ ಬಟ್ಟೆ ಮುಚ್ಚಬೇಕು. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ ಕೈಯಾಡಿಸಬೇಕು. ಮೊಳೆಯುವ ಕಾಳು ತಾನೇ ಕಾವು ಹುಟ್ಟಿಸುತ್ತದೆ. ದಪ್ಪ ರಾಶಿ ಮಾಡಿ ಗಂಟು ಕಟ್ಟಿದರೆ ಒಳಗೆ ಬೆಂದಂತಾಗಿ ಕೆಟ್ಟ ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಎರಡು ದಿನ, ಚಳಿಯಲ್ಲಿ ಮೂರು ದಿನ ಹಿಡಿಯುತ್ತದೆ. ಬೇರು ಅರ್ಧದಿಂದ ಒಂದು ಸೆಂಟಿಮೀಟರ್ ಬಂದಾಗ ನಿಲ್ಲಿಸಬೇಕು. ಹಸುರು ಎಲೆ ಕಾಣುವವರೆಗೆ ಬಿಟ್ಟರೆ ಬುತ್ತಿಯನ್ನು ಮೊಳಕೆಯೇ ಉಂಡುಬಿಡುತ್ತದೆ; ನಮಗೆ ಉಳಿಯುವುದು ಹೊಟ್ಟು.

4. ಒಣಗಿಸುವುದು.— ತೆಳ್ಳಗೆ ಹರಡಿ, ನೊಣ ಕೂರದಂತೆ ಮೇಲೆ ತೆಳುಬಟ್ಟೆ ಹೊದಿಸಿ, ಒಳ್ಳೆಯ ಬಿಸಿಲಿನಲ್ಲಿ ಒಂದೆರಡು ದಿನ ಒಣಗಿಸಬೇಕು. ಹಲ್ಲಿಗೆ ಹಾಕಿದರೆ ಕಟಕ್ಕೆಂದು ಮುರಿಯಬೇಕು. ಮೋಡ ಕವಿದ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಅರ್ಧ ಒಣಗಿದ ಮೊಳಕೆಗೆ ಬೂಷ್ಟು ಹತ್ತುತ್ತದೆ. ಬೂಷ್ಟಿನ ಕಲೆಯಾಗಲಿ ಮುಗ್ಗು ವಾಸನೆಯಾಗಲಿ ಕಂಡರೆ ಅಷ್ಟನ್ನೂ ತಿಪ್ಪೆಯಲ್ಲಿ ಹೂಳಬೇಕು. ದನಕ್ಕೂ ಕೋಳಿಗೂ ಹಾಕಬಾರದು. ಕೆಲವು ಬೂಷ್ಟುಗಳು ಹುಟ್ಟಿಸುವ ವಿಷ ಕುದಿಸಿದರೂ ಹೋಗದು.

5. ಬೇರು ತೆಗೆಯುವುದು.— ಒಣಗಿದ ಕಾಳನ್ನು ಒರಟು ಬಟ್ಟೆಯಲ್ಲಿ ಹಾಕಿ ಉಜ್ಜಿದರೆ ಬೇರು ಉದುರುತ್ತದೆ. ಮೊರದಲ್ಲಿ ಕೇರಿ ತೆಗೆಯಬೇಕು. ಬೇರು ಉಳಿದರೆ ಹಿಟ್ಟು ಕಹಿ.

6. ಬೆಚ್ಚಗೆ ಮಾಡುವುದು.— ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಆಡಿಸುತ್ತ ಘಮಲು ಬರುತ್ತಲೇ ಇಳಿಸಬೇಕು. ಕಾಳು ಸಿಡಿಯಬಾರದು, ಬಣ್ಣ ತಿರುಗಬಾರದು. ಇಲ್ಲಿಯೇ ಬಹಳ ಜನ ಕೆಡಿಸಿಕೊಳ್ಳುವುದು. ಘಮಲು ಹೆಚ್ಚಲೆಂದು ಕೆಂಪಗೆ ಹುರಿದರೆ ರುಚಿ ಬರುತ್ತದೆ, ಕಿಣ್ವ ಸಾಯುತ್ತದೆ. ಅರಳು ಹುರಿದು ಬೀಸಿದ ನಮ್ಮ ರಾಗಿ ಹುರಿಹಿಟ್ಟು ರುಚಿಯಾದ ಪದಾರ್ಥವೇ. ಆದರೆ ಅದು ಅಂಬಲಿಯನ್ನು ತೆಳುಮಾಡದು. ಹೆಪ್ಪಿನಂತೆ ಬಳಸುವ ಹಿಟ್ಟಿಗೆ ಚೆನ್ನಾಗಿ ಒಣಗಿಸಿದ ಬಿಸಿಲೇ ಸಾಕು, ಬಾಣಲೆ ಬೇಡ.

7. ಬೀಸುವುದು.— ಪೂರ್ತಿ ಆರಿದ ಮೇಲೆ ಬೀಸಿ, ಕೂಸಿಗಾದರೆ ತೆಳುಬಟ್ಟೆಯಲ್ಲಿ ಜಾಡಿಸಿ, ಒಣಗಿದ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿಡಬೇಕು. ಒಂದು ತಿಂಗಳಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳುವುದು ಮೇಲು.

ಬಳಸುವ ಕ್ರಮ

ಎರಡು ಬಗೆಯಲ್ಲಿ ಬಳಸಬಹುದು. ಮೊದಲನೆಯದು, ಪೂರ್ತಿ ಮೊಳಕೆ ಹಿಟ್ಟಿನ ಗಂಜಿ. ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿಟ್ಟು ನಿಧಾನವಾಗಿ ಕಾಯಿಸಬೇಕು. ಕುದಿಯುವ ನೀರಿಗೆ ಹಿಟ್ಟು ಸುರಿಯಬಾರದು. ನಿಧಾನವಾಗಿ ಬಿಸಿಯೇರುವಾಗ ಕಿಣ್ವಕ್ಕೆ ಕೆಲಸಮಾಡಲು ಹೊತ್ತು ಸಿಕ್ಕುತ್ತದೆ. ಕುದಿನೀರಿಗೆ ಬಿದ್ದರೆ ಕೆಲಸ ಮುಗಿಯುವ ಮುಂಚೆಯೇ ಸಾಯುತ್ತದೆ. ಕೊನೆಗೆ ಕೆಲವು ನಿಮಿಷ ಚೆನ್ನಾಗಿ ಕುದಿಸಬೇಕು.

ಎರಡನೆಯದು, ಚಮಚದ ಲೆಕ್ಕ. ಮನೆಯಲ್ಲಿ ಎಂದಿನಂತೆ ಸಾದಾ ರಾಗಿ, ಜೋಳ ಅಥವಾ ಅಕ್ಕಿನುಚ್ಚಿನ ಗಂಜಿಯನ್ನು ಗಟ್ಟಿಯಾಗಿಯೇ ಬೇಯಿಸಿ. ಒಲೆಯಿಂದ ಇಳಿಸಿ ಕುದಿ ಅಡಗಲು ಬಿಡಿ. ಹಬೆಯಾಡುತ್ತಿರಬೇಕು, ಗುಳ್ಳೆ ಏಳುತ್ತಿರಬಾರದು. ಕೂಸಿನ ಒಂದು ಬಟ್ಟಲು ಗಂಜಿಗೆ ಒಂದು ಸಣ್ಣ ಚಮಚ ಮೊಳಕೆ ಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಕದಡಿ ಹಾಕಿ ತಿರುವಿ. ಕೆಲವೇ ನಿಮಿಷದಲ್ಲಿ ಸೌಟು ನಿಲ್ಲುವಂತಿದ್ದ ಗಂಜಿ ಹರಿಯುವಂತಾಗುತ್ತದೆ. ಆಮೇಲೆ ಮತ್ತೆ ಒಲೆಗೇರಿಸಿ ಒಂದು ಕುದಿ ಬರಿಸಲೇಬೇಕು. ಒದ್ದೆಯಲ್ಲಿ ಎರಡು ದಿನ ಇದ್ದ ಧಾನ್ಯದಲ್ಲಿ ಮೊಳಕೆಯ ಜೊತೆಗೆ ರೋಗದ ಕ್ರಿಮಿಗಳೂ ಬೆಳೆದಿರುತ್ತವೆ. ಮೊಳಕೆ ಹಿಟ್ಟನ್ನು ಹಸಿಯಾಗಿ ಕೂಸಿಗೆ ಕೊಟ್ಟರೆ ಭೇದಿ ಹತ್ತುವುದು ಖಂಡಿತವೆಂದೇ ಎಣಿಸಿ ನಡೆಯಬೇಕು.

ಹೀಗೆ ತೆಳುವಾದ ಗಂಜಿಯಲ್ಲಿ ನೀರು ಹೆಚ್ಚಿಲ್ಲ, ಹಿಟ್ಟು ಕಡಿಮೆಯಾಗಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅದೇ ಬಟ್ಟಲಿನಲ್ಲಿ ಮೊದಲಿಗಿಂತ ಹೆಚ್ಚು ಆಹಾರ ಕೂಸಿನ ಹೊಟ್ಟೆ ಸೇರುತ್ತದೆ. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ತಾರಾ ಗೋಪಾಲದಾಸ್ ಮತ್ತು ಅವರ ಸಂಗಡಿಗರು ಈ ಚಮಚದ ಕ್ರಮವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಮಲ್ಲೇಶಿ ಮತ್ತು ದೇಸಿಕಾಚಾರ್ ಎಂಬ ವಿಜ್ಞಾನಿಗಳು ಮೊಳೆತ ರಾಗಿಗೆ ಮೊಳೆತ ಹೆಸರುಕಾಳು ಸೇರಿಸಿದ ಕೂಸಿನ ಆಹಾರವನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಏಳು ಪಾಲು ರಾಗಿಗೆ ಮೂರು ಪಾಲು ಹೆಸರು ಎಂದು ಲೆಕ್ಕ ಹಿಡಿಯಬಹುದು. ರಾಗಿಯಲ್ಲಿ ಸುಣ್ಣದ ಅಂಶ ಬಹಳ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಮ್. ಮೈಕಟ್ಟುವ ಸಸಾರಜನಕದ ಕೊರತೆಯನ್ನು ಹೆಸರು ತುಂಬುತ್ತದೆ. ಹಳೆ ಮೈಸೂರಿನ ಕಡೆ ಅಜ್ಜಿಯಂದಿರು ಮಾಡುತ್ತಿದ್ದ ರಾಗಿ ಸರಿಯ ಹಿಂದೆ ಇರುವ ತತ್ತ್ವವೂ ಇದೇ.

ಜೋಳದ ನಾಡಿನವರಿಗೆ ಒಂದು ಎಚ್ಚರಿಕೆ

ರಾಗಿಗೆ ಆದದ್ದು ಜೋಳಕ್ಕೂ ಆಗಲಿ ಎಂದು ಸೊಲ್ಲಾಪುರ, ಜತ್ತದ ಕಡೆಯ ಓದುಗರು ಮಾಲದಂಡಿ ಜೋಳವನ್ನೇ ಮೊಳಕೆ ಕಟ್ಟಲು ಹೊರಡಬಹುದು. ಅವರು ದಯವಿಟ್ಟು ಇದನ್ನು ಓದಿ ಮುಂದುವರಿಯಬೇಕು. ಎಳೆ ಜೋಳದ ಪೈರನ್ನಾಗಲಿ, ಕೊಯ್ದ ಮೇಲೆ ಚಿಗುರಿದ ಕೂಳೆಯನ್ನಾಗಲಿ ಮೇದ ದನ ಉಬ್ಬಸಪಟ್ಟು ಬಿದ್ದು ಸಾಯುವುದನ್ನು ಕಂಡವರು ನಮ್ಮಲ್ಲಿದ್ದಾರೆ. ಎಳೆ ಜೋಳದಲ್ಲಿರುವ ಧುರಿನ್ ಎಂಬ ವಸ್ತು ಹೊಟ್ಟೆಯಲ್ಲಿ ಒಡೆದು ಸಯನೈಡ್ ವಿಷ ಬಿಡುವುದೇ ಅದಕ್ಕೆ ಕಾರಣ. ಒಣ ಜೋಳದ ಕಾಳಿನಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು. ಆದುದರಿಂದ ನಮ್ಮ ರೊಟ್ಟಿಗೆ, ಅಂಬಲಿಗೆ ಭಯವಿಲ್ಲ. ಆದರೆ ಕಾಳು ಮೊಳೆತೊಡನೆ ಮೊಳಕೆಯಲ್ಲಿಯೂ ಬೇರಿನಲ್ಲಿಯೂ ಅದು ಏರುತ್ತದೆ.

ಆಫ್ರಿಕದಲ್ಲಿ ಜೋಳದ ಮಾಲ್ಟು ಮಾಡುವ ರೂಢಿ ಇದೆ, ನಿಜ. ಅದರ ಪೇಯಗಳೂ ಬಹಳ ಕಾಲದಿಂದ ಇವೆ. ಆದರೆ ಮನೆಯಲ್ಲಿ ಮೊಳಕೆ, ಬೇರುಗಳನ್ನು ಒಂದೂ ಉಳಿಯದಂತೆ ತೆಗೆದೆವೋ ಇಲ್ಲವೋ ಎಂದು ನೋಡಿ ಹೇಳುವ ಬಗೆ ಇಲ್ಲ. ಕೂಸಿನ ಮೈಯೋ ಬಲು ಸಣ್ಣದು. ಆದುದರಿಂದ ನಮ್ಮ ಸಲಹೆ ನೇರವಾದದ್ದು. ಜೋಳದ ಹಸಿ ಮೊಳಕೆಯನ್ನು ಹೆಸರುಕಾಳಿನಂತೆ ಯಾರೂ ತಿನ್ನಬಾರದು. ಕೂಸಿಗೆ ಜೋಳದ ಮಾಲ್ಟು ಬೇಡವೇ ಬೇಡ.

ಹಾಗಾದರೆ ಜೋಳದ ನಾಡಿನ ಕೂಸಿಗೆ ಏನು ಗತಿ? ಇಲ್ಲಿಯೇ ಮೇಲಿನ ಕ್ರೀಮ್ ಏಲಿನ ಪಾಠ ನೆರವಿಗೆ ಬರುತ್ತದೆ. ಅವರು ಮೆಕ್ಕೆಜೋಳವನ್ನು ಮೊಳಕೆ ಕಟ್ಟದೆ ಬೇಯಿಸಿ, ಬಾರ್ಲಿಯ ಮಾಲ್ಟಿನಿಂದ ಕರಗಿಸಿಕೊಂಡಂತೆ, ನಾವು ಜೋಳವನ್ನು ಮೊಳಕೆ ಕಟ್ಟದೆ ಸಾದಾ ಹಿಟ್ಟಿನ ಅಂಬಲಿ ಬೇಯಿಸಿ, ರಾಗಿಯ ಇಲ್ಲವೆ ಗೋಧಿಯ ಮೊಳಕೆ ಹಿಟ್ಟನ್ನು ಒಂದು ಚಮಚ ಹಾಕಬೇಕು. ಆಗ ಜೋಳದ ಪುಷ್ಟಿಯೂ ದಕ್ಕುತ್ತದೆ, ವಿಷದ ಅಂಜಿಕೆಯೂ ಇಲ್ಲ. ತಿಂಗಳಿಗೆ ಅರ್ಧ ಕಿಲೋ ಗೋಧಿ ಮೊಳಕೆ ಕಟ್ಟಿದರೆ ಒಂದು ಮನೆಗೆ ಸಾಕುಬೇಕಾದಷ್ಟಾಯಿತು.

ನಿಮ್ಮ ಹಿಟ್ಟಿನ ಪರೀಕ್ಷೆ

ಮಾಡಿದ ಹಿಟ್ಟಿನಲ್ಲಿ ಕಿಣ್ವ ಉಳಿದಿದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ. ಒಂದೇ ಪಾತ್ರೆಯ ಗಟ್ಟಿ ಗಂಜಿಯನ್ನು ಬಿಸಿಯಾಗಿರುವಾಗಲೇ ಮೂರು ಲೋಟಗಳಿಗೆ ಹಾಕಿ. ಒಂದಕ್ಕೆ ಒಂದು ಚಮಚ ಸಾದಾ ಹಿಟ್ಟು, ಇನ್ನೊಂದಕ್ಕೆ ನೀವು ಮಾಡಿದ ಮೊಳಕೆ ಹಿಟ್ಟು, ಮೂರನೆಯದಕ್ಕೆ ಅಂಗಡಿಯಲ್ಲಿ ರಾಗಿ ಮಾಲ್ಟು ಎಂದು ಮಾರುವ ಹಿಟ್ಟು ಹಾಕಿ ತಿರುವಿ ಹತ್ತು ನಿಮಿಷ ಬಿಡಿ. ಲೋಟವನ್ನು ಓರೆಮಾಡಿದರೆ ಉತ್ತರ ಕಣ್ಣಿಗೇ ಕಾಣುತ್ತದೆ. ಸಾದಾ ರಾಗಿಹಿಟ್ಟನ್ನು ಬೆಲ್ಲ, ಹಾಲು ಹಾಕಿ ಕಾಯಿಸಿ ರಾಗಿ ಮಾಲ್ಟು ಎಂದು ಕರೆಯುವ ರೂಢಿ ಎಲ್ಲ ಕಡೆ ಇದೆ. ಅದು ಕೆಟ್ಟ ಪೇಯವೇನಲ್ಲ, ಆದರೆ ಮಾಲ್ಟೂ ಅಲ್ಲ. ನಮ್ಮ ಕನ್ನಡ ಶಾಲೆಗಳ ಉಪಾಧ್ಯಾಯರು ಈ ಪರೀಕ್ಷೆಯನ್ನು ಮಕ್ಕಳ ಎದುರಿಗೆ ಮಾಡಿ ತೋರಿಸಿದರೆ ಮನೆಮನೆಗೂ ಸುದ್ದಿ ಮುಟ್ಟುತ್ತದೆ.

ಕೊನೆಯದಾಗಿ

ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೇ ಸಾಕು. ಮೊಳಕೆ ಹಿಟ್ಟಿನ ಗಂಜಿ ಅದಾದ ಮೇಲೆ, ಹಾಲಿನ ಬದಲಿಗಲ್ಲ, ಹಾಲಿನ ಜೊತೆಗೆ. ಹೊತ್ತಿಗೆ ಹೊತ್ತು ಹೊಸದಾಗಿ ಮಾಡಬೇಕು; ಬೆಳಗಿನದನ್ನು ಸಂಜೆಗೆ ಇಡಬಾರದು. ಹಲ್ಲಿಲ್ಲದ ಮುದುಕರಿಗೂ ಜ್ವರದಿಂದ ಎದ್ದವರಿಗೂ ಇದು ಹಿತವಾದ ಆಹಾರ. ಸಕ್ಕರೆ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು, ಏಕೆಂದರೆ ಕತ್ತರಿಸಿದ ಪಿಷ್ಟ ಬೇಗ ರಕ್ತ ಸೇರುತ್ತದೆ. ಗಂಜಿ ಕುಡಿದೂ ತೂಕ ಏರದ ಕೂಸನ್ನು ಅಂಗನವಾಡಿಯಲ್ಲಿ ತೂಗಿಸಿ ವೈದ್ಯರಿಗೆ ತೋರಿಸುವುದನ್ನು ತಡಮಾಡಬಾರದು.

ರಾಗಿಯ ಸುಗ್ಗಿ ಮುಗಿದು ಬಿಸಿಲು ಬಲಿಯುವ ತಿಂಗಳು ಈ ಕೆಲಸಕ್ಕೆ ಹೇಳಿಸಿದ ಕಾಲ. ಹೊಸ ಕಾಳು ಕೆಲವು ವಾರ ಮಲಗಿ ಎದ್ದ ಮೇಲೆ ಚೆನ್ನಾಗಿ ಮೊಳೆಯುತ್ತದೆ. ಮೊದಲ ಸಲ ಒಂದು ಪಾವಿನಷ್ಟು ಮಾತ್ರ ಕಟ್ಟಿ ನೋಡಿರಿ. ಲೋಟದ ಪರೀಕ್ಷೆಯಲ್ಲಿ ಅದು ಗೆದ್ದ ಮೇಲೆ ನೆರೆಮನೆಯ ಬಾಣಂತಿಗೂ ಒಂದು ಹಿಡಿ ಕೊಡಿರಿ.